ಎಲೆಯೊಳಗಿನ ಓಣಿ

ಮಾಹಿಮಿನ ನಮ್ಮ ಖೋಲಿಯ ಗ್ಯಾಲರಿಯಲ್ಲಿ
ಎಣ್ಣೆ ಡಬ್ಬದ ನಿಂಬೆಗಿಡ.
ಮೂರು ವರ್ಷ, ಒಂದು ಕಾಯಿಲ್ಲ.
ಆದರೂ ಮಳೆ ನಿಂತ ಮೇಲೆ
ಎಳೇ ಚಿಗುರು, ಮುಟ್ಟಲು ಹೆದರಿಕೆ.

ಒಂದು ಬೆಳಿಗ್ಗೆ ಅದರ ಮೇಲೆ
ಬಸವನಹುಳು ನಡೆದ ಹಾಗೆ ಬೆಳ್ಳಿಯ ಗೀರು.
ಸೆರಗಿನಿಂದ ಒರೆಸಿದೆ. ಹೋಗಲಿಲ್ಲ.
ಗೀರು ಎಲೆಯ ಒಳಗಿತ್ತು.

"ಚಿವುಟಿ ಬಿಸಾಕು" ಅಂದಳು ಶೇವಂತಾ ಮಾವಶಿ.
ನಮ್ಮ ಕಡೆ ಇದಕ್ಕ ರಂಗೋಲಿ ಹುಳ ಅಂತಾರ, ಅಂದೆ.
"ಹಾಕಲಿಕ್ಕೆ ನಿನ್ನ ಗಿಡವೇ ಸಿಕ್ಕಿತಾ ಅದಕ್ಕೆ?"

ಬಿಸಿಲಿಗೆ ಬಗ್ಗಿಸಿ ನೋಡಿದೆ.
ಸಿಪ್ಪೆಗೂ ಹಸಿರಿಗೂ ನಡುವೆ
ಹಳದಿ ಎಳೆಯೊಂದು ಮಲಗಿಕೊಂಡೇ ತಿನ್ನುತ್ತಿದೆ.
ಕಾಲಿಲ್ಲ.
ಕಣ್ಣಿದೆಯೋ ಇಲ್ಲವೋ,
ಅಲ್ಲಿ ನೋಡುವುದಾದರೂ ಏನು?
ಬಂದ ದಾರಿಯುದ್ದಕ್ಕೂ ನಟ್ಟನಡುವೆ
ಕಪ್ಪು ನೂಲಿನಂಥ ಹಿಕ್ಕೆ.

ರಾಚಪ್ಪ ಐದು ವರ್ಷ, ರಾತ್ರಿ ಪಾಳಿ,
ಮೆಟ್ರೋ ಸುರಂಗದ ಮಣ್ಣು ಹೊತ್ತ ಲಾರಿ ಓಡಿಸಿದವನು.
ನೆಲದಡಿ ಅಗೆದದ್ದನ್ನೆಲ್ಲ ಕೋಳಿ ಕೂಗುವುದರೊಳಗೆ
ಖಾಡಿಯಾಚೆ ಸುರಿದು ಬರಬೇಕಿತ್ತು.
ಚಹಾದ ಬಸಿ ಹಿಡಿದೇ ಬಗ್ಗಿದ:
"ಇದಕ್ಕ ಲಾರಿನೂ ಇಲ್ಲ, ಮೇಸ್ತ್ರಿನೂ ಇಲ್ಲ.
ಹಿಂದ ಬಿಟ್ಕೋತ ಮುಂದ ಹೊಂಟೈತಿ."
ಬಸಿ ಆರಿ ತಣ್ಣಗಾಗುವವರೆಗೂ ನೋಡಿದ.

ಓಣಿ ದಿನಕ್ಕೊಂದು ತಿರುವು ತಗೊಂಡು
ಅಗಲವಾಗುತ್ತ ಎಲೆಯ ಅಂಚಿಗೆ ಬಂತು.
ಅಲ್ಲಿ ಹುಳ ಊಟ ಬಿಟ್ಟಿತು,
ಅಂಚನ್ನು ಎಳೆದು ತನ್ನ ಮೇಲೆ ಮಡಚಿಕೊಂಡಿತು.
ಸೀರೆಗೆ ಫಾಲ್ ಹಚ್ಚಿ ಹೊಟ್ಟೆ ಹೊರೆವವಳು ನಾನು,
ಮಡಿಕೆ ಬೆರಳಿಗೇ ಗೊತ್ತು.
ಇಷ್ಟು ಸಣ್ಣ ಹೊಲಿಗೆ ನನಗೆ ಬರುವುದಿಲ್ಲ.

ಹೊರಬಂದದ್ದನ್ನು ನೋಡಲಾಗಲಿಲ್ಲ.
ನಸುಕಿಗೆ ನಳದಲ್ಲಿ ನೀರು ಬಂದಿತ್ತು,
ಕೊಡ ಹಿಡಿದು ಸಾಲಿನಲ್ಲಿದ್ದೆ.
ಬಂದು ನೋಡಿದರೆ
ಮಡಿಕೆಯಿಂದ ಅರ್ಧ ಇಣುಕಿದ ಖಾಲಿ ಪೊರೆ.

ಸಂಜೆ ಬಲ್ಬಿನ ಕೆಳಗೆ, ಗೋಡೆಯ ಮೇಲೆ
ಎಳ್ಳಿನಷ್ಟು ಬೆಳ್ಳಿ.
ರೆಕ್ಕೆಯ ತುದಿಗೆ
ಕೂಸಿಗೆ ಇಟ್ಟ ದೃಷ್ಟಿಬೊಟ್ಟು.
"ಇಷ್ಟಕ್ಕ ಅಷ್ಟು ತೋಡಿತ್ತೇನ?" ಅಂದ ರಾಚಪ್ಪ.
ತಾನು ತೋಡಿದ ದಾರಿಯಲ್ಲಿ ಅದು ಮತ್ತೆ ನಡೆಯುವುದಿಲ್ಲ.
ಅವನೂ ಆ ರೈಲು ಹತ್ತಿಲ್ಲ.
ಐತವಾರ ಹೋಗೂಣ ಅನ್ನುತ್ತಾನೆ,
ಟಿಕೀಟು ಎಷ್ಟಂತ ಕೇಳುತ್ತಾನೆ,
ಸುಮ್ಮನಾಗುತ್ತಾನೆ.

ಸೊಟ್ಟಗಾದ ಎಲೆ ಗಿಡದಲ್ಲೇ ಇದೆ.
ಅದರ ಮೇಲೆ ಹೊಸದೊಂದು ಕುಡಿ.
ಇವತ್ತು ಕತ್ತರಿ ಹಿಡಿದೇ ಹೋಗಿ ಮಗುಚಿ ನೋಡಿದೆ:
ನಡುನರದ ಪಕ್ಕ ಒಂದು ಹನಿ.
ಬೆರಳು ತಾಗಿಸಿದೆ.
ಒದ್ದೆಯಾಗಲಿಲ್ಲ.