ಒಳಪದರ

ಬಳೇಪೇಟೆಯ ಈ ಅಂಗಡಿಯಲ್ಲಿ
ಅವರ್ಯಾರಿಗೂ ಹೆಸರಿಲ್ಲ.
ಚೌಡಪ್ಪನವರ ಬಾಡಿಗೆ ಪುಸ್ತಕದಲ್ಲಿ
ಸೀನಿನ ಮೇಲೆ ಅವರ ಗುರುತು:
ಬೆಂಕಿ ಸೀನು – ಕಾವಿ ಸೀರೆ ಒಂದು, ಸವುರಿ ಒಂದು.
ಕಲ್ಲಿನ ಸೀನು – ಬೂದು ದುಪ್ಪಟಿ, ಒಗೆಯದೆ ಕೊಡಬಹುದು.
ಮೂಗಿನ ಸೀನು – ಕೆಂಪು ಬಣ್ಣ ಗಿರಾಕಿಯದೇ.
ಸಭೆ ಸೀನು – ಉದ್ದ ಸೀರೆ. ಅಡ್ವಾನ್ಸು ಐನೂರು.

ಗಂಡಸರಿಗೆ ಹೆಸರುಂಟು,
ಕಿರೀಟಕ್ಕೆ ನಂಬರು, ಗದೆಗೆ ಬೇರೆ ಬಾಡಿಗೆ.

ಉದ್ದ ಸೀರೆ ನನ್ನ ಕೈಕೆಲಸ.
ಹತ್ತೊಂಬತ್ತು ನೈಲೆಕ್ಸು, ಚಿಕ್ಕಪೇಟೆಯ ಡ್ಯಾಮೇಜು ಮಾಲು,
ಒಂದರ ಸೆರಗಿಗೆ ಇನ್ನೊಂದರ ತುದಿ ಕೂಡಿಸಿ
ಮೂರು ದಿನ ಮಿಷನ್ನು ತುಳಿದೆ.
ನೋಡುವವರಿಗೆ ಅದು ಮುಗಿಯುವುದಿಲ್ಲ.
ನನಗೆ ಗೊತ್ತು: ನೂರಾ ನಾಲ್ಕು ಮೀಟರು, ಹದಿನೆಂಟು ಹೊಲಿಗೆ.

ಒಗೆದ ದಿನ ತಾರಸಿ ಸಾಲದು.
ನಮ್ಮ ತಂತಿಯಿಂದ ಫರೀದಾಳ ತಂತಿಗೆ, ಅಲ್ಲಿಂದ
ಮಾರ್ವಾಡಿ ಅಜ್ಜಿಯ ನೀರಿನ ಟ್ಯಾಂಕು ಸುತ್ತಿ
ವಾಪಸು ಬರುತ್ತದೆ.
ಎಳೆದವನ ಹೆಬ್ಬೆರಳ ಗುರುತು ಪ್ರತಿ ಸಲ ಒಂದೇ ಕಡೆ,
ಎಲೆಯಡಿಕೆ ಕೆಂಪು. ಸೋಪಿಗೆ ಹೋಗುತ್ತದೆ,
ಪೂರ್ತಿ ಅಲ್ಲ.

ಇವತ್ತು ಕಮಲಾಕ್ಷಿ ಬಂದಿದ್ದಳು.
ನೆಲಮಂಗಲದ ಆಚೆ ನಾಟಕ, ರಾತ್ರಿ ಹತ್ತಕ್ಕೆ.
ಅರವತ್ತು ಸಾವಿರ ಎಣಿಸಿ ದೇವರಾದವನು
ಫ್ಲೆಕ್ಸು ಹಾಕಿಸುವ ಕಂಟ್ರಾಕ್ಟರು.
ಎಳೆಯುವವನು ಟಿಪ್ಪರ್ ಮಾಲೀಕ.
ಇವಳಿಗೆ ಮೂರು ಸಾವಿರ, ಒಂದು ಊಟ.

"ಹೋದ ಸಲ ಏನಾಯ್ತು ಗೊತ್ತೇನಕ್ಕ,
ಹತ್ತೊಂಬತ್ತೂ ಮುಗೀತು.
ಎರಡೂ ಕೈ ಮೇಲೆತ್ತಿ ಕೂಗ್ತಾನೇ ಇದೀನಿ,
ದೇವರು ಸೈಡ್‌ವಿಂಗಲ್ಲಿ ಸೆಲ್ಫಿಗೆ ನಿಂತವ್ನೆ.
ಹಾರ್ಮೋನಿಯಂ ಮೇಷ್ಟ್ರು ಅದೇ ಕಂದ ಮೂರು ಸಲ ನುಡಿಸಿದ್ರು.
ಕುಡಿದೋನಿಗೆ ಲೆಕ್ಕ ಎಲ್ಲಿ,
ನನ್ನ ಸ್ವಂತ ಸೀರೆಗೇ ಕೈ ಹಾಕ್ದ."

ಆಮೇಲೆ?

"ಆಮೇಲೇನು. ಎತ್ತಿದ ಕೈ ಇಳಿಸ್ದೆ,
ಸೊಂಟದ ಹತ್ರ ಗಟ್ಟಿಯಾಗಿ ಹಿಡ್ಕೊಂಡೆ,
ಅವನ ಕಾಲು ತುಳಿದೆ.
ಜನ ಶಿಳ್ಳೆ ಹೊಡೆದ್ರು. ಕಮಿಟಿಯೋರು ಮಾತ್ರ
ಪುರಾಣದಲ್ಲಿ ಹಂಗಿಲ್ಲ ಅಂತ
ಐನೂರು ಮುರ್ಕೊಂಡ್ರು."

ನಾನು ಸೂಜಿಗೆ ದಾರ ಪೋಣಿಸಿದೆ.
ಒಳಸೀರೆಯನ್ನು ಲಂಗಕ್ಕೆ ಕೂಡಿಸಿ ಡಬಲ್ ಹೊಲಿಗೆ,
ಚಪ್ಪಲಿ ಹೊಲಿಯುವ ದಾರದಲ್ಲಿ.
ಕೈ ಎರಡೂ ಮೇಲೆತ್ತಿಬಿಡು ಎಂದವರು ಯಾರೋ,
ಮಾರ್ಕೆಟ್ಟಿನ ಬಸ್ಸಿನಲ್ಲಿ ಒಂದು ಸಂಜೆ
ಸೀರೆಯುಟ್ಟು ನಿಂತವರಂತೂ ಅಲ್ಲ.

ಹೊಲಿಯುತ್ತ ಯಾಕೋ ಇನ್ನೊಬ್ಬಳು ನೆನಪಾದಳು.
ಗಂಡ ಅಣ್ಣನ ಹಿಂದೆ ಕಾಡಿಗೆ ಹೋದಾಗ
ಅರಮನೆಯಲ್ಲೇ ಉಳಿದವಳು.
ಇಪ್ಪತ್ತೆರಡು ವರ್ಷದಲ್ಲಿ ಅವಳ ಡ್ರೆಸ್ಸು
ಒಬ್ಬರೂ ಕೇಳಿಲ್ಲ.
ಯಾರೂ ಎಳೆಯಲಿಲ್ಲ, ಸುಡಲಿಲ್ಲ, ಕೊಯ್ಯಲಿಲ್ಲ.
ಸೀನೇ ಇಲ್ಲ.

"ಇನ್ನೊಂದು ಕೆಲಸ ಅಕ್ಕ. ಒಳಗೊಂದು ಜೇಬು."
ಯಾಕೆ?
"ಮೊಬೈಲಿಗೆ. ಬೆಳಗಿನ ಜಾವದ ಬಸ್ ಚಾರ್ಜಿಗೆ."
ಮಹಾರಾಣಿಗೆ ಜೇಬಾ, ಚೌಡಪ್ಪನವರು
ಹೊಗೆಸೊಪ್ಪು ಉಗಿದು ನಕ್ಕರು.

ಆ ಸಭೆಯಲ್ಲಿ ಕೂತಿದ್ದ ಒಬ್ಬೊಬ್ಬನ ಹತ್ತಿರವೂ
ಸೋಲುವುದಕ್ಕೆ ಏನಾದರೊಂದು ಇತ್ತು.

ಅಂಗೈ ಅಗಲ, ಬೆರಳು ಉದ್ದ.
ಹತ್ತೊಂಬತ್ತು ಸೀರೆಗೂ ಒಳಗೆ, ಹೊಕ್ಕುಳ ಎಡಕ್ಕೆ,
ಗುಂಡಿ ಸಮೇತ ಹೊಲಿದು ಕೊಟ್ಟೆ.
ನೋಟು ಇಟ್ಟು ನೋಡಿದಳು, ಕುಣಿದು ನೋಡಿದಳು.
ಬೀಳಲಿಲ್ಲ.

ಇದನ್ನ ಪುಸ್ತಕದಲ್ಲಿ ಬರೀಲಾ ಎಂದೆ.
"ಬೇಡಕ್ಕ," ಅಂದಳು,
"ಪುಸ್ತಕಕ್ಕೆ ಹೋಗೋದು ಬೇಡ."