ಸಾವಿರದಲ್ಲೊಂದು ಪಾಲು

ಮೊಂಟಾನಾ, ಲೂಯಿಸ್‌ಟೌನಿನಾಚೆ,
ಹ್ಯಾಲ್ವರ್ ಸತ್ತ ಮೇಲೆ ಬೀಗ ತೆಗೆದ ಶೆಡ್ಡು.
ಮೇಜಿನ ಮೇಲೆ ಹನ್ನೊಂದು ಅಚ್ಚು,
ಒಂದೊಂದಕ್ಕೂ ಬೆಲೆಚೀಟಿ ಅಂಟಿಸಿದ್ದಾಳೆ ಹೆಂಡತಿ ರಗ್ನಾ.

‘ಯಾವುದು ಬೇಕು?’
ನನ್ನನ್ನಲ್ಲ, ಕೋವಿಯನ್ನು ಕೇಳಬೇಕು ಅಂದೆ.
ಡಬ್ಬಿಯ ಮೇಲಿನ ಅಂಕಿ ನಂಬಿ
ಮೂರು ಚಳಿಗಾಲ
ನಳಿಗೆಯೊಳಗಿನ ಸೀಸದ ಕಿಟ್ಟ ಕೆರೆದವನು ನಾನು.

ಕೊಡತಿ ಅವಳೇ ತಂದಳು.
ಎಣ್ಣೆ ಸವರಿದ ನಳಿಗೆಗೆ ಮೆತ್ತನೆ ಸೀಸದ ಗೋಲಿ,
ಅದರ ಬೆನ್ನಿಗೆ ಮರದ ಕೋಲು,
ಟಕ್, ಟಕ್,
ಆ ತುದಿಯಲ್ಲಿ ನನ್ನ ಟೋಪಿಗೆ ಬಿತ್ತು
ಒಳಗಿನ ಗೀರುಗಳನ್ನೆಲ್ಲ ಮೈಮೇಲೆ ಬರೆಸಿಕೊಂಡು.

ಮೈಕ್ರೋಮೀಟರಿನ ದವಡೆಗೆ ಕೊಟ್ಟೆ.
ಅಂಗುಲವನ್ನು ಸಾವಿರ ಸೀಳಿದರೆ
ನಾನೂರ ಐವತ್ತೆಂಟು.
ಡಬ್ಬಿ ಹೇಳಿದ್ದು ಐವತ್ತೇಳು!
ಗುಂಡು ಇನ್ನೂ ಒಂದು ಪಾಲು ದಪ್ಪವಿರಬೇಕು,
ಕೂದಲೆಳೆಯ ಮೂರನೇ ಒಂದರಷ್ಟು.
ಇಲ್ಲವಾದರೆ ಪಕ್ಕದಿಂದ ಬೆಂಕಿ ನುಸುಳುತ್ತದೆ.

ಹೆಚ್ಚು ದಪ್ಪ ಬಿದ್ದರೂ ಚಿಂತೆಯಿಲ್ಲ,
ಅಳತೆಯುಂಗುರದಲ್ಲಿ ತೂರಿಸಿ ಇಳಿಸಬಹುದು;
ಸಣ್ಣಗಿರುವುದನ್ನು ಬೆಳೆಸುವ ಹತಾರ
ಯಾವ ಅಂಗಡಿಯಲ್ಲೂ ಇಲ್ಲ, ಅಂದೆ.

ರಗ್ನಾ ನಕ್ಕುಬಿಟ್ಟಳು.
‘ನನ್ನನ್ನೂ ತೂರಿಸಲು ನೋಡಿದ
ನಲವತ್ತು ವರ್ಷ.
ಉಂಗುರವೇ ಬಿರಿಯಿತು.’

ಬಾಗಿಲ ಹತ್ತಿರದ ಅಚ್ಚು ಎತ್ತಿಕೊಂಡೆ.
ಅದಕ್ಕೆ ದುಡ್ಡು ಎಣಿಸಿಕೊಂಡಳು,
ಅಳತೆಯುಂಗುರಕ್ಕೆ ಮಾತ್ರ ಬೇಡ ಅಂದಳು,
ಒಯ್ದರೆ ಸಾಕು.

ಅಚ್ಚಿನ ಗುಳಿಯಲ್ಲಿ ಇನ್ನೂ ಮಸಿ:
ಅವನು ಕಡ್ಡಿ ಗೀರಿ ಹಿಡಿದ ಹೊಗೆ.
ಒರೆಸಲಿಲ್ಲ.
ರಾತ್ರಿ ಒಲೆ ಹಚ್ಚಿ ಹೊಯ್ದರೆ
ಮೊದಲ ನಾಲ್ಕೈದು ಸುಕ್ಕುಸುಕ್ಕು,
ಅಚ್ಚಿಗಿನ್ನೂ ನನ್ನ ಕೈ ಬಿಸಿ ತಾಗಿಲ್ಲ.
ಅವೆಲ್ಲ ಮತ್ತೆ ಪಾತ್ರೆಗೆ.