ಓಗೊಟ್ಟದ್ದು

ನಾರಾಯಣದುರ್ಗದ ಬೆನ್ನಿಗೆ ಗೋಮಾಳ,
ಯಾರದೂ ಅಲ್ಲ, ಅಂದರೆ ಎಲ್ಲರದೂ.
ಲಂಟಾನದ ಸಂದಿಗೆ ಉರುಳೊಡ್ಡಿ
ಮಾಯಿಗಯ್ಯ ಅಂಗೈ ಬಟ್ಟಲು ಮಾಡಿ
ಗೌಜಲಕ್ಕಿಯಾದ.

ಒಂದು ಕೂಗು. ಇಪ್ಪತ್ತು ಎಣಿಸಿ ಮತ್ತೊಂದು.
ಮೂಡಲಿಗೆ ಇನ್ನೂ ಒಲೆಬೂದಿಯ ಬಣ್ಣ.
ಆಚೆ ಬಂಡೆಯಿಂದ ಓಗೊಟ್ಟಿತು:
ಹುಂಜವೇ, ಗತ್ತಿನದು.

ಇವ ಕೆಣಕಿದ, ಅದು ರೇಗಿತು.
ಇವ ತೆವಳಿದ, ಅದೂ ಹತ್ತಿರ ಹತ್ತಿರ.
ನನ್ನ ಹಿಮ್ಮಡಿಗೆ ಕೆಂಜಿಗ ಹತ್ತಿತ್ತು, ಕೊಡವಲಿಲ್ಲ.

ಹುಲ್ಲು ಸೀಳಿ ಬಂದದ್ದು ಮಂಕಿ ಟೋಪಿ,
ಅದರೊಳಗೆ ಹೊಸಳ್ಳಿಯ ಜವರಪ್ಪ, ಕೈಲಿ ಬಲೆ.
'ಥೂ, ನೀನೇನ್ಲಾ?'
'ನೀನೂವೆ ಚೆಂದಾಗ್ ಕೂಗ್ತೀಯ ಕಣ್ಲಾ.'

ಒಂದೇ ಕಡ್ಡಿಗೆ ಎರಡು ಬೀಡಿ.
ಅಷ್ಟರಲ್ಲಿ ಕೆಳಗೆ, ಹುರುಳಿ ಹೊಲದ ಅಂಚಿಂದ,
ತೆರಪಿಲ್ಲದೆ ಮೂರು ಕೂಗು.
ಹೊಗೆ ಬಾಯಲ್ಲೇ ನಿಂತಿತು ಇಬ್ಬರಿಗೂ.

'ಅದ್ಯಾರ್ಲಾ ಅದು?'
ಎಂದ ಮಾಯಿಗಯ್ಯ.